ಉಗಾಂಡಾದ ಎಣ್ಣೆ ಪೈಪು: ಬೇಕೋ ಬೇಡವೋ ಎಂಬ ಜಗಳದಲ್ಲಿ ಮುಚ್ಚಿಹೋದ ಲೆಕ್ಕ

ಪ್ಯಾರಿಸ್‌ನಲ್ಲಿ ಕೇಸು, ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ನಿರ್ಣಯ, ಉಗಾಂಡಾದ ರಾಜಧಾನಿ ಕಂಪಾಲಾ ಬೀದಿಯಲ್ಲಿ ವಿದ್ಯಾರ್ಥಿಗಳ ಬಂಧನ, ಹತ್ತಾರು ಬ್ಯಾಂಕುಗಳಿಂದ ‘ನಮಗೆ ಇದರ ಸಹವಾಸ ಬೇಡ’ ಎಂಬ ಮಾತು. ಒಂದು ಪೈಪ್‌ಲೈನ್ ಸುತ್ತ ಇಷ್ಟೆಲ್ಲ ಆಗಿದೆ. ಆದರೂ ಪೂರ್ವ ಆಫ್ರಿಕಾ ಕಚ್ಚಾ ತೈಲ ಪೈಪ್‌ಲೈನ್, ಎಲ್ಲರೂ ಕರೆಯುವ ಹಾಗೆ ‘ಈಕಾಪ್’, 2025ರ ಕೊನೆಯ ಹೊತ್ತಿಗೆ ಮುಕ್ಕಾಲು ಪಾಲು ಮುಗಿದಿತ್ತು. 2026ರಲ್ಲಿ ಮೊದಲ ಎಣ್ಣೆ ಹರಿಸಬೇಕು ಅನ್ನೋದು ಗುರಿ.

ಪೈಪು ಶುರುವಾಗುವುದು ಉಗಾಂಡಾದ ಪಶ್ಚಿಮದಲ್ಲಿ, ಹೊಯಿಮಾ ಪಟ್ಟಣದ ಹತ್ತಿರದ ಕಬಾಲೆಯಲ್ಲಿ. ವಿಕ್ಟೋರಿಯಾ ಸರೋವರವನ್ನು ಪಶ್ಚಿಮದಿಂದ ಬಳಸಿಕೊಂಡು ತಾಂಜಾನಿಯಾಕ್ಕೆ ಇಳಿಯುತ್ತದೆ. ಅಲ್ಲಿಂದ ಇಡೀ ದೇಶವನ್ನು ಅಡ್ಡ ದಾಟಿ, ಹಿಂದೂ ಮಹಾಸಾಗರದ ದಡದಲ್ಲಿರುವ ಟಾಂಗಾ ಬಂದರಿನ ಪಕ್ಕದ ಚೊಂಗೊಲಿಯಾನಿಯಲ್ಲಿ ಮುಗಿಯುತ್ತದೆ. ಒಟ್ಟು 1,443 ಕಿ.ಮೀ. ಅದರಲ್ಲಿ ಉಗಾಂಡಾದೊಳಗೆ ಇರುವುದು 296 ಕಿ.ಮೀ. ಮಾತ್ರ. ಎಣ್ಣೆ ಒಬ್ಬರದು, ದಾರಿ ಇನ್ನೊಬ್ಬರದು.

ಜಗಳದ ಎರಡೂ ಬದಿ ನಮಗೆ ಹೊಸದಲ್ಲ. ಭೂಮಿ ಬಿಸಿಯಾಗುತ್ತಿರುವ ಈ ಹೊತ್ತಿನಲ್ಲಿ ಹೊಸ ಎಣ್ಣೆ ಬಾವಿ ತೋಡುವುದೇ ತಪ್ಪು ಅನ್ನುತ್ತದೆ ಒಂದು ಬದಿ. ನೀವು ನೂರು ವರ್ಷ ಸುಟ್ಟು ಶ್ರೀಮಂತರಾದಿರಿ, ಈಗ ನಮ್ಮ ಸರದಿ ಬಂದಾಗ ಬುದ್ಧಿ ಹೇಳಲು ಬಂದಿರಾ ಅನ್ನುತ್ತದೆ ಇನ್ನೊಂದು. ಎರಡರಲ್ಲೂ ಸತ್ಯ ಇದೆ. ಆದರೆ ಈ ಜಗಳದ ಗದ್ದಲದಲ್ಲಿ ಬೇರೆಯದೇ ಒಂದು ಪ್ರಶ್ನೆ ಹಿಂದೆ ಬಿತ್ತು ಅನ್ನೋದು ನನ್ನ ವಾದ. ಕಟ್ಟುವುದೇ ಆದರೆ ಯಾವ ಷರತ್ತಿಗೆ? ಯಾರ ಕೈಗೆ ಎಷ್ಟು, ಯಾವಾಗ? ಪೈಪು ಹೂತ ಮೇಲೆ ಉಳಿಯುವುದು ಇದೇ ಪ್ರಶ್ನೆ.

ಹರಿಯದ ಎಣ್ಣೆ

ಮೊದಲು ಎಣ್ಣೆಯ ಗುಣ ನೋಡೋಣ, ಯಾಕಂದರೆ ಲೆಕ್ಕವೆಲ್ಲ ಶುರುವಾಗುವುದು ಅಲ್ಲಿಂದಲೇ.

ಉಗಾಂಡಾ–ಕಾಂಗೋ ಗಡಿಯ ಆಲ್ಬರ್ಟ್ ಸರೋವರದ ಸುತ್ತ ಮಾರಾಟಕ್ಕೆ ಸಾಕಾಗುವಷ್ಟು ಎಣ್ಣೆ ಇದೆ ಅಂತ ಗೊತ್ತಾಗಿದ್ದು 2006ರಲ್ಲಿ. ನೆಲದಡಿ ಒಟ್ಟು ಸುಮಾರು 650 ಕೋಟಿ ಬ್ಯಾರೆಲ್ ಇದೆ, ಅದರಲ್ಲಿ ಮೇಲೆತ್ತಲು ಸಾಧ್ಯವಿರುವುದು ಸುಮಾರು 140 ಕೋಟಿ ಎಂಬುದು ಸರ್ಕಾರದ ಅಂದಾಜು. ಗಂಧಕ ಕಡಿಮೆ ಇರುವ ಒಳ್ಳೆಯ ಎಣ್ಣೆ. ಆದರೆ ಮೇಣದ ಅಂಶ ಜಾಸ್ತಿ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ ಕೂತಿರುತ್ತಲ್ಲ, ಹಾಗೆ. ವ್ಯತ್ಯಾಸ ಇಷ್ಟೇ: ಇದು ಗಟ್ಟಿಯಾಗಲು ಚಳಿಗಾಲವೇ ಬೇಕಿಲ್ಲ, ಸಮಭಾಜಕದ ಸೆಕೆಯಲ್ಲೂ ಹೆಪ್ಪುಗಟ್ಟುತ್ತದೆ.

ಹಾಗಾಗಿ ಇಡೀ ದಾರಿ ಪೈಪನ್ನು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಟ್ಟಿರಬೇಕು. 24 ಇಂಚಿನ ಉಕ್ಕಿನ ಪೈಪು, ಅದರ ಮೇಲೆ ಶಾಖ ಹೊರಹೋಗದಂತೆ ಫೋಮ್ ಪದರ, ಅದರ ಮೇಲೆ ಪ್ಲಾಸ್ಟಿಕ್ ಕವಚ. ಜೊತೆಗೇ ಓಡುವ ವಿದ್ಯುತ್ ಕೇಬಲ್ ಬಿಸಿ ಕೊಡುತ್ತದೆ. ಈ ಫೋಮ್ ಹೊದಿಸುವುದಕ್ಕೆಂದೇ ತಾಂಜಾನಿಯಾದ ನ್ಜೆಗಾ ಜಿಲ್ಲೆಯ ಸೋಜೊ ಎಂಬಲ್ಲಿ ಕಾರ್ಖಾನೆ ಹಾಕಿದರು. 18 ಮೀಟರ್ ಉದ್ದದ ಬರಿ ಪೈಪು ಒಂದು ಕಡೆಯಿಂದ ಒಳಹೋಗಿ, ಇನ್ನೊಂದು ಕಡೆಯಿಂದ ದಪ್ಪ ಕೋಟು ಹಾಕಿಕೊಂಡು ಹೊರಬರುತ್ತದೆ. ದಾರಿಯುದ್ದಕ್ಕೂ ಆರು ಪಂಪಿಂಗ್ ಸ್ಟೇಷನ್: ಉಗಾಂಡಾದಲ್ಲಿ ಎರಡು, ತಾಂಜಾನಿಯಾದಲ್ಲಿ ನಾಲ್ಕು.

ನಾನು ಸುಮ್ನೆ ಕೂತು ಒಂದು ಲೆಕ್ಕ ಹಾಕಿದೆ. ಪೈಪಿನ ಅಗಲ, ಉದ್ದ ನೋಡಿದರೆ ಅದರ ಹೊಟ್ಟೆ ತುಂಬಲಿಕ್ಕೇ ಸುಮಾರು 24–25 ಲಕ್ಷ ಬ್ಯಾರೆಲ್ ಬೇಕು. ದಿನಕ್ಕೆ 2.16 ಲಕ್ಷ ಬ್ಯಾರೆಲ್ ಹರಿದರೂ ಕಬಾಲೆಯಲ್ಲಿ ಒಳಹೋದ ಎಣ್ಣೆ ಟಾಂಗಾ ಮುಟ್ಟಲು ಹೆಚ್ಚುಕಮ್ಮಿ ಹನ್ನೊಂದು–ಹನ್ನೆರಡು ದಿನ. ಅಷ್ಟೂ ದಿನ ಅದು ಬೆಚ್ಚಗಿರಬೇಕು.

ಇಂಥದ್ದು ನಮ್ಮಲ್ಲಿ ಇಲ್ಲದ್ದೇನಲ್ಲ. ರಾಜಸ್ಥಾನದ ಬಾರ್ಮೇರ್‌ನ ಮಂಗಲಾ ಬಾವಿಗಳ ಎಣ್ಣೆಯೂ ಇದೇ ಜಾತಿಯದು. 2009ರಲ್ಲಿ ಅಲ್ಲಿ ಉತ್ಪಾದನೆ ಶುರುವಾಯಿತು. ಅಲ್ಲಿಂದ ಗುಜರಾತ್ ಕರಾವಳಿಯ ಭೋಗತ್ ತನಕ ಸುಮಾರು 670 ಕಿ.ಮೀ. ಬಿಸಿ ಪೈಪು ಎಳೆದಿದ್ದಾರೆ. ಅದೂ 24 ಇಂಚಿನದೇ. ಆ ಎಣ್ಣೆಯ ಮೊದಮೊದಲ ಗಿರಾಕಿಗಳಲ್ಲಿ ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಕೂಡ ಇತ್ತು. ಅಂದರೆ ತಂತ್ರಜ್ಞಾನ ಹೊಸದಲ್ಲ. ಈಕಾಪ್ ಅದರ ಎರಡು ಪಟ್ಟಿಗಿಂತ ಉದ್ದ, ಅಷ್ಟೇ. ಆದರೆ ಬಾರ್ಮೇರ್ ಪೈಪು ಬಾವಿಯಿಂದ ಸಮುದ್ರದವರೆಗೆ ಒಂದೇ ದೇಶದೊಳಗೆ ಇದೆ. ಅದಕ್ಕೆ ಗಡಿ ದಾಟುವ ತಲೆನೋವಿಲ್ಲ.

ನೆರೆಯವನ ಅಂಗಳದಲ್ಲಿ

ಉಗಾಂಡಾಕ್ಕೆ ಸಮುದ್ರವಿಲ್ಲ. ಮೊದಲು ಅವರು ಮಾತಾಡುತ್ತಿದ್ದುದು ಕೆನ್ಯಾ ಜೊತೆ. ಕೆನ್ಯಾದ ತುರ್ಕಾನಾದಲ್ಲೂ ಎಣ್ಣೆ ಸಿಕ್ಕಿತ್ತು. ಎರಡೂ ಸೇರಿಸಿ ಲಾಮು ಬಂದರಿಗೆ ಒಂದೇ ಪೈಪು ಎಳೆದರೆ ಖರ್ಚು ಹಂಚಿಕೆಯಾಗುತ್ತದೆ ಅನ್ನೋದು ಯೋಚನೆ. 2016ರ ಏಪ್ರಿಲ್‌ನಲ್ಲಿ ಉಗಾಂಡಾ ಆ ದಾರಿ ಬಿಟ್ಟು ಟಾಂಗಾ ಕಡೆ ತಿರುಗಿತು. ಕೆನ್ಯಾದ ಉತ್ತರ ಭಾಗದಲ್ಲಿ ಅಲ್-ಶಬಾಬ್ ಉಗ್ರರ ಭಯ, ಜಮೀನು ಸಿಗುವುದು ಕಷ್ಟ, ಲಾಮು ಬಂದರನ್ನು ಇನ್ನೂ ಕಟ್ಟಬೇಕಿತ್ತು. ಟಾಂಗಾದಲ್ಲಿ ಬಂದರು ಆಗಲೇ ಇತ್ತು. ಬಾವಿಗಳಲ್ಲಿ ಪಾಲಿದ್ದ ಫ್ರಾನ್ಸಿನ ಟೋಟಲ್ ಕಂಪನಿಗೂ (ಈಗ ಟೋಟಲ್‌ಎನರ್ಜೀಸ್) ಇದೇ ದಾರಿ ಹಿತವಾಗಿತ್ತು. ಕೆನ್ಯಾದ ಎಣ್ಣೆ ಒಂಟಿಯಾಯಿತು. ಅವರು ಒಂದಷ್ಟು ಕಾಲ ಲಾರಿಗಳಲ್ಲಿ ಎಣ್ಣೆ ಮೊಂಬಾಸಾಕ್ಕೆ ಸಾಗಿಸಿ ನೋಡಿ, 2020ರಲ್ಲಿ ಅದನ್ನೂ ನಿಲ್ಲಿಸಿದರು.

ದಾರಿ ಆರಿಸುವುದು ಯಾಕೆ ಇಷ್ಟು ದೊಡ್ಡ ವಿಷಯ ಅಂದರೆ, ಒಮ್ಮೆ ಹೂತ ಪೈಪನ್ನು ಎತ್ತಿ ಬೇರೆ ಕಡೆ ಹಾಕಲು ಆಗುವುದಿಲ್ಲ. ಇದರ ಬಿಸಿ ಎಷ್ಟು ಅಂತ ಉಗಾಂಡಾದ ಉತ್ತರದ ನೆರೆಯವರನ್ನೇ ಕೇಳಬೇಕು. ದಕ್ಷಿಣ ಸುಡಾನ್ 2011ರಲ್ಲಿ ಸ್ವತಂತ್ರವಾಯಿತು. ಬಾವಿಗಳು ಅದರ ಪಾಲಿಗೆ ಬಂದವು. ಪೈಪು, ಬಂದರು ಎರಡೂ ಸುಡಾನ್ ಕೈಯಲ್ಲಿ ಉಳಿದವು. ಸುಡಾನ್ ಬ್ಯಾರೆಲ್‌ಗೆ 30 ಡಾಲರ್‌ಗೂ ಮಿಕ್ಕಿ ಬಾಡಿಗೆ ಕೇಳಿತು. ದಕ್ಷಿಣ ಸುಡಾನ್ ಒಂದು ಡಾಲರ್ ಕೂಡ ಕೊಡಲು ಒಪ್ಪಲಿಲ್ಲ. ಕೊನೆಗೆ 2012ರ ಜನವರಿಯಲ್ಲಿ ತನ್ನ ಬಾವಿಗಳನ್ನು ತಾನೇ ಮುಚ್ಚಿಕೊಂಡಿತು, ಒಂದು ವರ್ಷಕ್ಕೂ ಮೇಲೆ. ಆಮೇಲೆ ರಾಜಿಯಾಯಿತು ಅನ್ನಿ. 2024ರ ಫೆಬ್ರವರಿಯಲ್ಲಿ ಸುಡಾನ್‌ನ ಅಂತರ್ಯುದ್ಧದ ನಡುವೆ ಪೈಪಿನೊಳಗೆ ಎಣ್ಣೆ ಹೆಪ್ಪುಗಟ್ಟಿತು, ಪೈಪು ಒಡೆಯಿತು. ಅದೂ ಮೇಣದ ಎಣ್ಣೆಯೇ. ಸರ್ಕಾರದ ಆದಾಯದ ಬಹುಪಾಲು ತರುತ್ತಿದ್ದ ರಫ್ತು ತಿಂಗಳುಗಟ್ಟಲೆ ನಿಂತು, ನೌಕರರಿಗೆ ಸಂಬಳ ಕೊಡಲೂ ಪರದಾಡುವ ಹಾಗಾಯಿತು.

ಅದೇ 2024ರಲ್ಲಿ ನೈಜರ್ ಕೂಡ ಇದೇ ಪಾಠ ಕಲಿಯಿತು. ಸುಮಾರು 2,000 ಕಿ.ಮೀ. ಪೈಪು ಎಳೆದು ಬೆನಿನ್ ಕರಾವಳಿಗೆ ಎಣ್ಣೆ ತಂದರೆ, ನೈಜರ್ ತನ್ನ ಗಡಿ ತೆರೆಯದ ಸಿಟ್ಟಿಗೆ ಬೆನಿನ್ ಹಡಗು ತುಂಬಲು ಬಿಡಲಿಲ್ಲ.

ಉಗಾಂಡಾ ಮತ್ತು ತಾಂಜಾನಿಯಾ ನಡುವೆ ಇಂಥ ಹಗೆತನವಿಲ್ಲ. 2017ರಲ್ಲಿ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡಿವೆ, ತಾಂಜಾನಿಯಾದ ಸರ್ಕಾರಿ ಕಂಪನಿಗೆ ಪೈಪಿನಲ್ಲಿ ಪಾಲೂ ಇದೆ. ಪಾಲುದಾರ ತನ್ನ ಪೈಪನ್ನೇ ಮುಚ್ಚಲಾರ ಅನ್ನೋದು ಲೆಕ್ಕಾಚಾರ. ಜಾಣತನದ ಏರ್ಪಾಡು ಅಂತಲೇ ನನಗನ್ನಿಸುತ್ತದೆ. ಆದರೆ ಆ ಪಾಲಿಗೂ ಬೆಲೆ ಇದೆ.

ಒಂದು ಬ್ಯಾರೆಲ್ ಬಿಚ್ಚಿ ನೋಡಿದರೆ

ಪೈಪಿನ ಕಂಪನಿಯಲ್ಲಿ ಟೋಟಲ್‌ಎನರ್ಜೀಸ್‌ಗೆ 62%, ಉಗಾಂಡಾದ ರಾಷ್ಟ್ರೀಯ ತೈಲ ಕಂಪನಿಗೆ 15%, ತಾಂಜಾನಿಯಾದ ಸರ್ಕಾರಿ ಕಂಪನಿಗೆ 15%, ಚೀನಾದ ಸರ್ಕಾರಿ ತೈಲ ಕಂಪನಿ ಸಿಎನ್‌ಒಒಸಿಗೆ 8%. ಬಾವಿಗಳ ಕಡೆಗೂ ಇದೇ ಮುಖಗಳು: ಟೋಟಲ್ 56.67%, ಸಿಎನ್‌ಒಒಸಿ 28.33%, ಉಗಾಂಡಾ 15%. ಟಿಲೆಂಗಾ ಅನ್ನುವ ದೊಡ್ಡ ಕ್ಷೇತ್ರವನ್ನು ಟೋಟಲ್ ನಡೆಸುತ್ತದೆ, ಕಿಂಗ್‌ಫಿಶರ್ (ಹೌದು, ಅದೇ ಹೆಸರು) ಕ್ಷೇತ್ರವನ್ನು ಚೀನಾದವರು.

ಈಗ ಟಾಂಗಾದಲ್ಲಿ ಒಂದು ಬ್ಯಾರೆಲ್ 60 ಡಾಲರ್‌ಗೆ ಮಾರಾಟವಾಯಿತು ಅಂದುಕೊಳ್ಳಿ. ಮೊದಲು ಕಳೆಯಬೇಕಾದ್ದು ಪೈಪಿನ ಬಾಡಿಗೆ. ಅದು ಬ್ಯಾರೆಲ್‌ಗೆ 12.77 ಡಾಲರ್ ಎಂದು ನಿಗದಿಯಾಗಿದೆ. ಉಳಿದ ಸುಮಾರು 47 ಡಾಲರ್‌ನಲ್ಲಿ ಉಗಾಂಡಾ ಸರ್ಕಾರಕ್ಕೆ ರಾಯಧನ. ಆಮೇಲೆ ಕಂಪನಿಗಳು ಇಷ್ಟು ವರ್ಷ ಹಾಕಿದ ಬಂಡವಾಳ ವಾಪಸ್ ತೆಗೆದುಕೊಳ್ಳುತ್ತವೆ. ಅದಾದ ಮೇಲೆ ಉಳಿದದ್ದನ್ನು ‘ಲಾಭದ ಎಣ್ಣೆ’ ಅಂತ ಸರ್ಕಾರ, ಕಂಪನಿ ಹಂಚಿಕೊಳ್ಳುತ್ತವೆ. ಹಾಗಾಗಿ ಮೊದಲ ವರ್ಷಗಳಲ್ಲಿ ಸರ್ಕಾರದ ಬೊಕ್ಕಸಕ್ಕೆ ಬರುವುದು ಜನ ಅಂದುಕೊಂಡಷ್ಟು ಇರುವುದಿಲ್ಲ. ನಾಳೆ ಎಣ್ಣೆ 45 ಡಾಲರ್‌ಗೆ ಬಿದ್ದರೆ? ಪೈಪಿನ ಬಾಡಿಗೆ ಅಷ್ಟೇ ಇರುತ್ತದೆ. ಏಟು ಬೀಳುವುದು ಉಳಿದ ಪಾಲಿಗೆ.

ದಿನಕ್ಕೆ 2.16 ಲಕ್ಷ ಬ್ಯಾರೆಲ್ ಪೂರ್ತಿ ಹರಿದರೆ ವರ್ಷದ ಬಾಡಿಗೆಯೇ ಸುಮಾರು 100 ಕೋಟಿ ಡಾಲರ್. ಸಾಲ ತೀರಿಸಿ, ಖರ್ಚು ಕಳೆದ ಮೇಲೆ ಅದರ ಲಾಭದಲ್ಲಿ 62% ಹೋಗುವುದು ಟೋಟಲ್‌ಗೆ. ಉಗಾಂಡಾದ ಎಣ್ಣೆ ಉಗಾಂಡಾದ ನೆಲದಿಂದ ಹೊರಟು ಕಟ್ಟುವ ಬಾಡಿಗೆಯಲ್ಲಿ ಉಗಾಂಡಾಕ್ಕೆ ವಾಪಸ್ ಬರುವುದು ಲಾಭದ 15%. ಸಾಲದ್ದಕ್ಕೆ ಪೈಪಿನ ಕಂಪನಿಗೆ ಉಗಾಂಡಾ 2021ರ ವಿಶೇಷ ಕಾಯ್ದೆಯಲ್ಲಿ ಹತ್ತು ವರ್ಷ ಆದಾಯ ತೆರಿಗೆ ವಿನಾಯಿತಿ ಕೊಟ್ಟಿದೆ. ಆ ಕಂಪನಿ ನೋಂದಣಿಯಾಗಿರುವುದೂ ಬ್ರಿಟನ್ನಿನಲ್ಲಿ. ಎಣ್ಣೆ ತೆಗೆಯುವವನೂ ಗಾಡಿ ಬಾಡಿಗೆಗೆ ಕೊಡುವವನೂ ಒಬ್ಬನೇ ಆದಾಗ, ಲಾಭ ಯಾವ ಜೇಬಿನಲ್ಲಿ ತೋರಿಸಿದರೆ ತೆರಿಗೆ ಕಡಿಮೆ ಅನ್ನೋದನ್ನು ಅವನು ನೋಡದೆ ಇರುತ್ತಾನಾ?

ಕಂಪನಿಯ ಕಡೆಯ ಮಾತೂ ಕೇಳಬೇಕು. ಮೊದಲು ಇಲ್ಲಿ ಬಾವಿ ತೋಡಿದ ತುಲ್ಲೊ ಎಂಬ ಕಂಪನಿ 2012ರಲ್ಲಿ ತನ್ನ ಹಕ್ಕಿನ ಮೂರನೇ ಎರಡು ಭಾಗವನ್ನು ಟೋಟಲ್ ಮತ್ತು ಸಿಎನ್‌ಒಒಸಿಗೆ 290 ಕೋಟಿ ಡಾಲರ್‌ಗೆ ಮಾರಿತ್ತು. ಉಳಿದ ಮೂರನೇ ಒಂದು ಭಾಗವನ್ನು 2020ರಲ್ಲಿ ಮಾರಿದಾಗ ಸಿಕ್ಕಿದ್ದು 57.5 ಕೋಟಿ ಡಾಲರ್. ಎಂಟು ವರ್ಷದಲ್ಲಿ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. ಅಂದರೆ ಇಲ್ಲಿ ನಷ್ಟದ ಭಯ ಬರೀ ಬಾಯಿಮಾತಲ್ಲ. ಯಾರೋ ಹಣ ಹಾಕದೆ ಎಣ್ಣೆ ಮೇಲೆ ಬರುವುದೂ ಇಲ್ಲ. ಆದರೆ ತಡವಾದಷ್ಟೂ ಚೌಕಾಸಿಯಲ್ಲಿ ಸರ್ಕಾರದ ಕೈ ಸೋತಿದೆ ಅನ್ನೋದು ನಿಜ. 2006ರಲ್ಲಿ ಎಣ್ಣೆ ಸಿಕ್ಕಾಗ ಇದ್ದ ಜಗತ್ತು ಬೇರೆ. ಈಗ ಎಲೆಕ್ಟ್ರಿಕ್ ಸ್ಕೂಟರ್ ಓಡುತ್ತಿರುವ ಜಗತ್ತು ಬೇರೆ.

ಕಾಫಿ ಗಿಡ ನೆಡಬೇಡಿ

ಈ ಯೋಜನೆಯಲ್ಲಿ ಅತಿ ಹೆಚ್ಚು ನೋವು ಕೊಟ್ಟದ್ದು ಒಂದು ದಿನಾಂಕ. ಜಮೀನು ಅಳೆದು, ಬೆಳೆ ಎಣಿಸಿ, ಬೆಲೆ ಕಟ್ಟಿದ ದಿನ. ಕಟ್-ಆಫ್ ದಿನ ಅಂತ ಕರೆಯುತ್ತಾರೆ. ಅದಾದ ಮೇಲೆ ನೆಟ್ಟದ್ದಕ್ಕೆ, ಕಟ್ಟಿದ್ದಕ್ಕೆ ಪರಿಹಾರವಿಲ್ಲ. ಇದು ಎಲ್ಲ ಕಡೆ ಇರುವ ನಿಯಮ, ತಪ್ಪೇನಿಲ್ಲ. ತಪ್ಪಾದದ್ದು ಆಮೇಲೆ. ಉಗಾಂಡಾದಲ್ಲಿ 2018–19ರ ಸುಮಾರಿಗೆ ಅಳತೆ ಮುಗಿಯಿತು. ಹಣ ಕೈಗೆ ಬರಲು ಎಷ್ಟೋ ಕುಟುಂಬಗಳು ಮೂರು ನಾಲ್ಕು ವರ್ಷ ಕಾಯಬೇಕಾಯಿತು.

ಆ ಮೂರು ನಾಲ್ಕು ವರ್ಷ ರೈತ ಏನು ಮಾಡಬೇಕು? ಬೇಗ ಕೊಯ್ಯುವ ಬೆಳೆ ಹಾಕಿ, ಕಾಫಿ, ಬಾಳೆಯಂಥ ವರ್ಷಗಟ್ಟಲೆ ನಿಲ್ಲುವ ಬೆಳೆ ಹಾಕಬೇಡಿ ಅಂತ ಹೇಳಲಾಯಿತು. ಆ ಸೀಮೆಯಲ್ಲಿ ಬಾಳೆ ಅಂದರೆ ಹಣ್ಣಲ್ಲ, ಊಟ. ‘ಮಟೊಕೆ’ ಅಂತ ಹಸಿ ಬಾಳೆಕಾಯಿ ಬೇಯಿಸಿ ಹಿಸುಕಿ ದಿನಾ ತಿನ್ನುತ್ತಾರೆ. ಕಾಫಿ ಅಂದರೆ ಮಕ್ಕಳ ಸ್ಕೂಲ್ ಫೀಸು. ಹಳೆಯ ಗಿಡ ನೋಡಿಕೊಳ್ಳಲು ಮನಸ್ಸು ಬರುವುದಿಲ್ಲ, ಹೊಸದು ನೆಡುವ ಹಾಗಿಲ್ಲ. ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಕಾಫಿ ತೋಟ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ವರ್ಷ ಕೈಬಿಟ್ಟ ತೋಟ ಮತ್ತೆ ತೋಟವಾಗಲು ಎಷ್ಟು ಕಾಲ ಬೇಕು ಅಂತ ಅವರಿಗೆ ಗೊತ್ತು.

2023ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಈ ಕಥೆಗಳನ್ನೇ ಕಲೆಹಾಕಿ ವರದಿ ಮಾಡಿತು. ಪರಿಹಾರದ ದರ ಹಳೆಯದು, ಬಂದ ಹಣದಲ್ಲಿ ಅಷ್ಟೇ ಜಮೀನು ಬೇರೆ ಕಡೆ ಸಿಗುವುದಿಲ್ಲ, ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡರು ಎಂಬ ದೂರುಗಳು ಅದರಲ್ಲಿದ್ದವು. ತಡವಾದದ್ದಕ್ಕೆ ಹೆಚ್ಚುವರಿ ಹಣ ಸೇರಿಸಿ ಕೊಟ್ಟಿದ್ದೇವೆ, ಮನೆ ಹೋದವರಿಗೆ ಹೊಸ ಮನೆ ಕಟ್ಟಿಸಿದ್ದೇವೆ ಅನ್ನೋದು ಕಂಪನಿಯ ಉತ್ತರ. ಬಾವಿ, ಪೈಪು ಎರಡೂ ಸೇರಿ ಜಮೀನು ಬಿಟ್ಟುಕೊಡಬೇಕಾದ ಕುಟುಂಬಗಳು ಸುಮಾರು 19 ಸಾವಿರ ಅನ್ನೋದು ಟೋಟಲ್ ಕೊಟ್ಟ ಲೆಕ್ಕ. ಅದರಲ್ಲಿ ವಾಸದ ಮನೆಯನ್ನೇ ಕಳೆದುಕೊಂಡವರು 775. ಉಳಿದವರು ಹೊಲದ ಒಂದು ಪಟ್ಟಿ ಕಳೆದುಕೊಂಡವರು. ಕೆಲವು ಕಡೆ ದಾರಿಗೆ ಅಡ್ಡ ಬಂದ ಹಿರಿಯರ ಸಮಾಧಿಗಳನ್ನೂ ಅಗೆದು ಬೇರೆ ಕಡೆ ಒಯ್ಯಬೇಕಾಯಿತು.

‘ಒಂದು ಪಟ್ಟಿ’ ಅಂದರೆ ಸಣ್ಣದೇನಲ್ಲ. 30 ಮೀಟರ್ ಅಗಲ. ಒಂದೆಕರೆ, ಎರಡೆಕರೆ ಇರುವವನ ಹೊಲದ ನಡುವೆ ಅದು ಹಾದರೆ ಉಳಿದ ಎರಡು ಚೂರು ಯಾವುದಕ್ಕೂ ಬಾರದ ಹಾಗಾಗುತ್ತದೆ. ನಮ್ಮಲ್ಲಿ ಕೊಚ್ಚಿ–ಮಂಗಳೂರು ಗ್ಯಾಸ್ ಪೈಪ್‌ಲೈನ್ ಬಂದಾಗ ಕೇರಳದ ರೈತರು ಎತ್ತಿದ್ದೂ ಇದೇ ತಕರಾರು. ನಮ್ಮ 1962ರ ಪೈಪ್‌ಲೈನ್ ಕಾಯ್ದೆಯಲ್ಲಿ ಜಮೀನು ರೈತನದ್ದಾಗೇ ಉಳಿಯುತ್ತದೆ, ಸರ್ಕಾರ ಬರೀ ಬಳಕೆಯ ಹಕ್ಕು ತೆಗೆದುಕೊಳ್ಳುತ್ತದೆ. ಆದರೆ ಅದರ ಮೇಲೆ ಮನೆ ಕಟ್ಟುವ ಹಾಗಿಲ್ಲ, ಬಾವಿ ತೋಡುವ ಹಾಗಿಲ್ಲ, ಮರ ನೆಡುವ ಹಾಗಿಲ್ಲ. ಆ ಹಕ್ಕಿಗೆ ಕಾಯ್ದೆ ಹೇಳುವ ಪರಿಹಾರ ಮಾರುಕಟ್ಟೆ ಬೆಲೆಯ 10%. ಅಡಿಕೆ ತೋಟದವನಿಗೆ ಮರ ನೆಡಬೇಡ ಅಂದರೆ ಜಮೀನು ಅವನ ಹೆಸರಿನಲ್ಲಿದ್ದರೆಷ್ಟು, ಬಿಟ್ಟರೆಷ್ಟು? ಉಗಾಂಡಾದವರು ಕೊನೇ ಪಕ್ಷ ಪೂರ್ತಿ ಬೆಲೆಯ ಮಾತಾಡುತ್ತಿದ್ದಾರೆ.

ಒಪ್ಪದವರ ಗತಿ? 2023ರ ಡಿಸೆಂಬರ್‌ನಲ್ಲಿ ಟಿಲೆಂಗಾ ಕ್ಷೇತ್ರಕ್ಕೆ ಜಮೀನು ಕೊಡಲು ಒಪ್ಪದ 42 ಕುಟುಂಬಗಳ ಮೇಲೆ ಸರ್ಕಾರವೇ ಹೊಯಿಮಾ ಹೈಕೋರ್ಟಿಗೆ ಹೋಯಿತು. ಕೆಲವೇ ದಿನಗಳಲ್ಲಿ ತೀರ್ಪು ಬಂತು: ಪರಿಹಾರದ ಹಣವನ್ನು ಕೋರ್ಟಿನಲ್ಲಿ ಕಟ್ಟಿ, ಜಮೀನು ತೆಗೆದುಕೊಳ್ಳಿ.

ಒಂದೇ ಪೈಪು, ಎರಡು ಹೊಗೆ

ಇಂಗಾಲದ ವಿಷಯಕ್ಕೆ ಬರೋಣ. ಜಗತ್ತಿನ ಕಣ್ಣು ಬಿದ್ದದ್ದು ಇದರ ಮೇಲೇ.

ಬಾವಿ, ಪೈಪು ಎರಡರಿಂದ 20 ವರ್ಷದಲ್ಲಿ ಆಗುವ ಹೊಗೆ 1.35 ಕೋಟಿ ಟನ್ ಅಂತ ಟೋಟಲ್ ಹೇಳುತ್ತದೆ. ಪೈಪಿನ ಆಯಸ್ಸಿನಲ್ಲಿ 37.9 ಕೋಟಿ ಟನ್ ಅಂತ ಕ್ಲೈಮೇಟ್ ಅಕೌಂಟೆಬಿಲಿಟಿ ಇನ್‌ಸ್ಟಿಟ್ಯೂಟ್ ಹೇಳುತ್ತದೆ. ಒಂದಕ್ಕೊಂದು ಸುಮಾರು 28 ಪಟ್ಟು ವ್ಯತ್ಯಾಸ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಟೋಟಲ್ ಎಣಿಸುವುದು ಎಣ್ಣೆ ತೆಗೆಯಲು, ಬಿಸಿ ಮಾಡಲು, ಸಾಗಿಸಲು ಆಗುವ ಹೊಗೆ. ಇನ್ನೊಬ್ಬರು ಆ ಎಣ್ಣೆಯನ್ನು ಕೊನೆಗೆ ಯಾರೋ ಸುಡುವುದನ್ನೂ ಸೇರಿಸುತ್ತಾರೆ. ಎಣ್ಣೆಯನ್ನು ಯಾರೂ ನೋಡಿ ಆನಂದಿಸಲು ಕೊಳ್ಳುವುದಿಲ್ಲ, ಸುಡಲೇ ಕೊಳ್ಳುವುದು. ಹಾಗಾಗಿ ಎರಡನೇ ಲೆಕ್ಕವೇ ಸರಿ ಅನ್ನಿಸುತ್ತದೆ. ಆದರೆ ಈ ಎಣ್ಣೆ ಬರದಿದ್ದರೆ ಆ ಕಾರು ನಿಲ್ಲುತ್ತದಾ, ಸೌದಿಯ ಎಣ್ಣೆ ಹಾಕಿಸಿಕೊಂಡು ಓಡುತ್ತದಾ? ಬಹುಪಾಲು ಓಡುತ್ತದೆ. ಬೆಲೆ ತುಸು ಏರಿ ಬಳಕೆ ತುಸು ಇಳಿಯಬಹುದು. 37.9 ಕೋಟಿಯೂ ಉಳಿಯಿತು ಅನ್ನೋದು ಜಾಸ್ತಿಯಾಯಿತು, ಏನೂ ಉಳಿಯಲಿಲ್ಲ ಅನ್ನೋದೂ ಸುಳ್ಳು.

2022ರ ಸೆಪ್ಟೆಂಬರ್‌ನಲ್ಲಿ ಯುರೋಪಿಯನ್ ಪಾರ್ಲಿಮೆಂಟ್ ನಿರ್ಣಯ ಮಾಡಿ, ಬೇರೆ ದಾರಿ ಹುಡುಕಲು ಒಂದು ವರ್ಷ ಕೆಲಸ ತಡೆಹಿಡಿಯಿರಿ ಅಂದಿತು. ಉಗಾಂಡಾದ ಸಂಸತ್ತು ಕೆಂಡವಾಯಿತು. ಇದು ಹೊಸ ಬಗೆಯ ವಸಾಹತುಶಾಹಿ ಎಂದು ಉಪಸಭಾಧ್ಯಕ್ಷ ಥಾಮಸ್ ತಯೆಬ್ವಾ ಜರೆದರು. 1986ರಿಂದ ಅಧಿಕಾರದಲ್ಲಿರುವ ಅಧ್ಯಕ್ಷ ಮುಸೆವೆನಿ, ಟೋಟಲ್ ಬಿಟ್ಟರೆ ಬೇರೆಯವರನ್ನು ಹುಡುಕುತ್ತೇವೆ ಅಂದರು. ಅವರ ಸಿಟ್ಟಿಗೆ ಕಾರಣ ಇತ್ತು. ಉಕ್ರೇನ್ ಯುದ್ಧದಿಂದ ರಷ್ಯಾ ಗ್ಯಾಸ್ ನಿಲ್ಲುವ ಭಯ ಬಂದಾಗ ಅದೇ ವರ್ಷದ ಮೇ ತಿಂಗಳಲ್ಲಿ ಜರ್ಮನಿಯ ಚಾನ್ಸಲರ್ ಗ್ಯಾಸ್ ಕೇಳಿಕೊಂಡು ಸೆನೆಗಲ್‌ಗೆ ಹೋಗಿದ್ದರು. ಜರ್ಮನಿಯಲ್ಲಿ ಮುಚ್ಚಿದ್ದ ಕಲ್ಲಿದ್ದಲು ಘಟಕಗಳೂ ಮತ್ತೆ ಶುರುವಾದವು. ತಾನು ಉಂಡು ಕೈ ತೊಳೆಯುವ ಮೊದಲೇ ಪಕ್ಕದವನಿಗೆ ಉಪವಾಸದ ಮಹತ್ವ ಹೇಳಿದರೆ ಯಾರಿಗೆ ತಾನೆ ಸಿಟ್ಟು ಬರಲ್ಲ? ಹವಾಮಾನ ಮಾತುಕತೆಗಳಲ್ಲಿ ಭಾರತ ಹೇಳುತ್ತಾ ಬಂದಿರುವುದೂ ಇದನ್ನೇ.

ಆದರೆ ಈ ವಾದ ಗೆದ್ದ ಕ್ಷಣ ಮುಸೆವೆನಿ ಸರ್ಕಾರಕ್ಕೆ ಒಂದು ಅನುಕೂಲವೂ ಆಯಿತು. ಜಗಳ ಉಗಾಂಡಾ ಮತ್ತು ಯುರೋಪ್ ನಡುವಿನದಾಯಿತು. ಜಮೀನು ಹೋದ ರೈತ, ಮರ್ಚಿಸನ್ ಜಲಪಾತದ ರಾಷ್ಟ್ರೀಯ ಉದ್ಯಾನದೊಳಗೆ ಬಾವಿ ತೋಡಿದ್ದನ್ನು ಪ್ರಶ್ನಿಸಿದವನು, ಒಪ್ಪಂದದ ಪ್ರತಿ ತೋರಿಸಿ ಅಂದವನು, ಎಲ್ಲರೂ ‘ಹೊರಗಿನವರ ಕೈಗೊಂಬೆ’ಗಳಾದರು. 2022ರಿಂದ ಈಚೆಗೆ ಕಂಪಾಲಾದಲ್ಲಿ ಬ್ಯಾನರ್ ಹಿಡಿದು ಹೊರಟ ವಿದ್ಯಾರ್ಥಿಗಳನ್ನು ಪೊಲೀಸರು ಮತ್ತೆ ಮತ್ತೆ ಹಿಡಿದು ಒಳಗೆ ಹಾಕಿದ್ದಾರೆ. ಹಾಕುವ ಕೇಸು ಸಾರ್ವಜನಿಕರಿಗೆ ತೊಂದರೆ ಕೊಟ್ಟರು ಅಂತ.

ಬೀದಿಯಲ್ಲಿ ಆಗದ್ದು ಕೋರ್ಟಿನಲ್ಲೂ ಆಗಲಿಲ್ಲ. ಫ್ರಾನ್ಸಿನ 2017ರ ಕಾಯ್ದೆಯೊಂದರ ಪ್ರಕಾರ ದೊಡ್ಡ ಕಂಪನಿಗಳು ಹೊರದೇಶದಲ್ಲೂ ಜನರಿಗೆ, ಪರಿಸರಕ್ಕೆ ಹಾನಿಯಾಗದಂತೆ ನೋಡಿಕೊಳ್ಳಬೇಕು. ಅದರಡಿ ಫ್ರೆಂಚ್, ಉಗಾಂಡಾ ಸಂಘಟನೆಗಳು 2019ರಲ್ಲಿ ಟೋಟಲ್ ಮೇಲೆ ಕೇಸು ಹಾಕಿದವು. 2023ರ ಫೆಬ್ರವರಿಯಲ್ಲಿ ಪ್ಯಾರಿಸ್ ಕೋರ್ಟು ಅದನ್ನು ವಿಚಾರಣೆಗೇ ತೆಗೆದುಕೊಳ್ಳಲು ಬರುವುದಿಲ್ಲ ಅಂತ ತಳ್ಳಿಹಾಕಿತು. ಅರುಷಾದಲ್ಲಿರುವ ಪೂರ್ವ ಆಫ್ರಿಕಾ ನ್ಯಾಯಾಲಯದಲ್ಲಿ 2020ರಲ್ಲಿ ಹಾಕಿದ ಕೇಸು 2023ರ ನವೆಂಬರ್‌ನಲ್ಲಿ ಬಿದ್ದುಹೋಯಿತು. ಕಾರಣ, 2017ರ ಒಪ್ಪಂದವಾದ ಎರಡು ತಿಂಗಳೊಳಗೆ ಬರಬೇಕಿತ್ತು. ಒಪ್ಪಂದವನ್ನೇ ಜನರ ಕೈಗೆ ಕೊಡದೆ, ಎರಡು ತಿಂಗಳಲ್ಲಿ ತಕರಾರು ತೆಗೆಯಬೇಕಿತ್ತು ಅಂದರೆ ಹೇಗೆ? ಇಷ್ಟು ದೊಡ್ಡ ಯೋಜನೆಯ ಸರಿತಪ್ಪಿನ ಒಳಕ್ಕೆ ಈ ಎರಡು ಕೋರ್ಟುಗಳೂ ಇಳಿಯಲೇ ಇಲ್ಲ. ಎರಡೂ ಬಾಗಿಲಲ್ಲೇ ನಿಂತವು.

ಬ್ಯಾಂಕುಗಳ ಒತ್ತಡ ಏನಾಯಿತು? ಪಶ್ಚಿಮದ ಬ್ಯಾಂಕುಗಳು ಹಿಂದೆ ಸರಿದವು, ಯೋಜನೆ ನಿಲ್ಲಲಿಲ್ಲ. ಮೊದಲು 350 ಕೋಟಿ ಡಾಲರ್ ಅಂದಿದ್ದ ಖರ್ಚು 500 ಕೋಟಿ ದಾಟಿತು. ಹೊರಗಿನ ಸಾಲದ ಮೊದಲ ಕಂತು ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ, ಅದೂ ಆಫ್ರೆಕ್ಸಿಮ್ ಬ್ಯಾಂಕ್, ದಕ್ಷಿಣ ಆಫ್ರಿಕಾದ ಸ್ಟ್ಯಾಂಡರ್ಡ್ ಬ್ಯಾಂಕ್‌ನಂಥ ಆಫ್ರಿಕಾದ ಬ್ಯಾಂಕುಗಳಿಂದ ಮತ್ತು ಒಂದು ಇಸ್ಲಾಮಿಕ್ ಹಣಕಾಸು ಸಂಸ್ಥೆಯಿಂದ. ಅಲ್ಲಿಯ ತನಕ ಪಾಲುದಾರರೇ ಜೇಬಿನಿಂದ ಹಾಕುತ್ತಾ ಬಂದರು. ಟೋಟಲ್‌ಗೆ ಅದು ದೊಡ್ಡ ಹೊರೆಯಲ್ಲ. ಆದರೆ ಪಾಲುದಾರರಲ್ಲಿ ಉಗಾಂಡಾ, ತಾಂಜಾನಿಯಾ ಸರ್ಕಾರಗಳೂ ಇವೆಯಲ್ಲ! ಪ್ಯಾರಿಸ್, ಲಂಡನ್ನಿನ ಚಳವಳಿಗಾರರು ಬೇಕಂತ ಮಾಡಿದ್ದಲ್ಲ ನಿಜ, ಆದರೆ ಅವರು ಕೊಟ್ಟ ಪೆಟ್ಟಿನ ಒಂದು ಪಾಲು ಬಿದ್ದದ್ದು ಅಲ್ಲಿನ ಬಡ ಬೊಕ್ಕಸಗಳ ಮೇಲೆ.

ಹಣ ಬಂದ ಮೇಲೆ

ಚಾಡ್ ದೇಶದ ಕಥೆ ಇಲ್ಲಿ ಹೇಳಲೇಬೇಕು. 2003ರಲ್ಲಿ ಅಲ್ಲಿಂದ ಕ್ಯಾಮರೂನ್ ಕರಾವಳಿಗೆ 1,070 ಕಿ.ಮೀ. ಪೈಪು ಬಂತು. ವಿಶ್ವಬ್ಯಾಂಕ್ ನೆರವಿನ ಜೊತೆ ಷರತ್ತನ್ನೂ ಹಾಕಿತ್ತು: ಎಣ್ಣೆಯ ಹಣ ಶಾಲೆ, ಆಸ್ಪತ್ರೆ, ರಸ್ತೆಗೆ, ಒಂದು ಪಾಲು ಮುಂದಿನ ಪೀಳಿಗೆಗೆ. ಅದಕ್ಕೆಂದೇ ಕಾನೂನೂ ಆಯಿತು. ಹಣ ಬರಲು ಶುರುವಾದ ಎರಡೂವರೆ ವರ್ಷದಲ್ಲಿ ಚಾಡ್ ಆ ಕಾನೂನು ತಿದ್ದಿ ಮುಂದಿನ ಪೀಳಿಗೆಯ ನಿಧಿಯನ್ನೇ ತೆಗೆದುಹಾಕಿತು, ಸೈನ್ಯದ ಖರ್ಚಿಗೂ ದಾರಿ ಮಾಡಿಕೊಂಡಿತು. 2008ರಲ್ಲಿ ವಿಶ್ವಬ್ಯಾಂಕ್‌ನ ಸಾಲವನ್ನು ಅವಧಿಗೆ ಮೊದಲೇ ತೀರಿಸಿ ಕೈ ಕೊಡವಿಕೊಂಡಿತು. ಪೈಪು ಹಾಕುವ ತನಕ ಷರತ್ತಿಗೆ ಬೆಲೆ. ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ಬೇಕು?

ಉಗಾಂಡಾದಲ್ಲೂ 2015ರ ಹಣಕಾಸು ಕಾಯ್ದೆಯಲ್ಲಿ ಪೆಟ್ರೋಲಿಯಂ ನಿಧಿ ಇದೆ. ರಾಯಧನದಲ್ಲಿ 6% ಎಣ್ಣೆ ಸಿಗುವ ಜಿಲ್ಲೆಗಳ ಸ್ಥಳೀಯ ಆಡಳಿತಕ್ಕೆ, 1% ಅಲ್ಲಿನ ಸಾಂಪ್ರದಾಯಿಕ ಸಂಸ್ಥಾನಕ್ಕೆ ಅಂತ ಬರೆದಿದೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಒಂದು ಹನಿ ಎಣ್ಣೆಯೂ ಬರುವ ಮೊದಲೇ ಏನಾಯಿತು ನೋಡಿ. ಹೆರಿಟೇಜ್ ಎಂಬ ತೈಲ ಕಂಪನಿಯ ಜೊತೆಗಿನ ತೆರಿಗೆ ವ್ಯಾಜ್ಯವನ್ನು ಸರ್ಕಾರ ಗೆದ್ದಿತು. ಅದಕ್ಕಾಗಿ ದುಡಿದ 42 ಅಧಿಕಾರಿಗಳಿಗೆ 600 ಕೋಟಿ ಉಗಾಂಡಾ ಶಿಲ್ಲಿಂಗ್ ಬಹುಮಾನ ಹಂಚಿದ್ದು 2017ರಲ್ಲಿ ಬಯಲಿಗೆ ಬಂತು. ಅಲ್ಲಿನ ಜನ ಅದಕ್ಕೆ ‘ಅಧ್ಯಕ್ಷರ ಹ್ಯಾಂಡ್‌ಶೇಕ್’ ಅಂತಲೇ ಹೆಸರಿಟ್ಟರು. ಸಂಬಳ ತೆಗೆದುಕೊಂಡು ಮಾಡಿದ ಕೆಲಸಕ್ಕೆ ಇಷ್ಟು ದೊಡ್ಡ ಕೈಕುಲುಕು!

2020ರಲ್ಲಿ ಉಗಾಂಡಾ, ಗಣಿ–ತೈಲದ ಲೆಕ್ಕ ಬಯಲಿಗಿಡುವ ದೇಶಗಳ ಅಂತರರಾಷ್ಟ್ರೀಯ ಒಕ್ಕೂಟ ಸೇರಿತು. ಆದರೂ ಕಂಪನಿಗಳ ಜೊತೆಗಿನ ಮೂಲ ಒಪ್ಪಂದಗಳು ಪೂರ್ತಿಯಾಗಿ ಜನರ ಮುಂದೆ ಬಂದಿಲ್ಲ. ಯಾವ ಖರ್ಚನ್ನು ಕಂಪನಿ ಎಣ್ಣೆಯಿಂದ ಕಳೆದುಕೊಳ್ಳಬಹುದು, ಲಾಭದ ಎಣ್ಣೆ ಯಾವ ಹಂತದಲ್ಲಿ ಹೇಗೆ ಹಂಚಿಕೆ, ಇವೆಲ್ಲ ಅದರೊಳಗಿವೆ. ಪೈಪು ಬೇಡ ಅನ್ನುವವರು ಇದನ್ನು ಗಟ್ಟಿಯಾಗಿ ಕೇಳಲಿಲ್ಲ, ಬೇಡ ಅಂದಮೇಲೆ ಷರತ್ತಿನ ಮಾತೆಲ್ಲಿ? ಬೇಕು ಅನ್ನುವವರಿಗೆ ಕೇಳುವ ಅಗತ್ಯವೇ ಇರಲಿಲ್ಲ.

ಇದರ ಬಿಸಿ ತಟ್ಟುವುದು ಮೊದಲ ಎಣ್ಣೆಯ ಸಮಾರಂಭದ ದಿನವಲ್ಲ, 2030ರ ದಶಕದಲ್ಲಿ. ಇಂಥ ಕ್ಷೇತ್ರಗಳಲ್ಲಿ ಉತ್ಪಾದನೆ ಕೆಲವು ವರ್ಷ ಮೇಲೆ ನಿಂತು ಆಮೇಲೆ ಇಳಿಯುತ್ತದೆ. ಪೈಪು ಮಾತ್ರ ಅಷ್ಟೇ ಉದ್ದ, ಅಷ್ಟೇ ಅಗಲ. ಅರ್ಧದಷ್ಟು ಎಣ್ಣೆ ಹರಿದರೆ ಅದು ಟಾಂಗಾ ಮುಟ್ಟಲು ಎರಡರಷ್ಟು ದಿನ ಬೇಕು, ಅಷ್ಟೂ ದಿನ ಬಿಸಿ ಹಿಡಿಯಬೇಕು. ಕರೆಂಟಿನ ಖರ್ಚು, ಪಂಪಿನ ಖರ್ಚು, ಕಾವಲಿನ ಖರ್ಚು ಎಲ್ಲ ಅರ್ಧ ಬ್ಯಾರೆಲ್‌ಗಳ ಮೇಲೆ ಬೀಳುತ್ತವೆ. ಸಾಲದ್ದಕ್ಕೆ ಹೊಯಿಮಾದಲ್ಲೇ ದಿನಕ್ಕೆ 60 ಸಾವಿರ ಬ್ಯಾರೆಲ್‌ನ ರಿಫೈನರಿ ಕಟ್ಟಲು 2025ರ ಮಾರ್ಚ್‌ನಲ್ಲಿ ಯುಎಇಯ ಕಂಪನಿಯೊಂದರ ಜೊತೆ ಉಗಾಂಡಾ ಸಹಿ ಹಾಕಿದೆ. ಹಿಂದೆ ರಷ್ಯನ್ನರೂ ಅಮೆರಿಕನ್ನರೂ ಬಂದು ಹೋಗಿದ್ದಾರೆ, ಈ ಸಲ ಆದೀತೋ ನೋಡಬೇಕು. ದೇಶಕ್ಕೆ ಅದು ಒಳ್ಳೆಯದೇ, ಪೆಟ್ರೋಲ್ ಡೀಸೆಲ್ ಆಮದು ಕಡಿಮೆಯಾಗುತ್ತದೆ. ಆದರೆ ಅದು ಕುಡಿಯುವ ಒಂದೊಂದು ಬ್ಯಾರೆಲ್ ಕೂಡ ಪೈಪಿಗೆ ಸಿಗದ ಬ್ಯಾರೆಲ್. ಆಲ್ಬರ್ಟ್ ಸರೋವರದ ಆಚೆ ದಡದ ಕಾಂಗೋ ಎಣ್ಣೆಯನ್ನೂ ಇದೇ ಪೈಪಿಗೆ ತರಬಹುದು ಎಂಬ ಮಾತು ಆಗಾಗ ಕೇಳಿಬರುವುದು ಇದಕ್ಕೇ. ಅಲ್ಲಿ ಇನ್ನೂ ಬಾವಿಯೇ ಇಲ್ಲ, ಇರುವುದು ಬಂದೂಕು ಹಿಡಿದ ಗುಂಪುಗಳು.

ಪೈಪು ತುಂಬದಿದ್ದರೆ 12.77 ಡಾಲರ್ ಬಾಡಿಗೆ ಹಾಗೇ ಇರುತ್ತದಾ, ಏರುತ್ತದಾ? ಏರಿದರೆ ಆ ಹೆಚ್ಚುವರಿ ಯಾರ ಪಾಲಿನಿಂದ ಕಳೆಯುತ್ತಾರೆ? ಉತ್ತರ ಒಪ್ಪಂದದಲ್ಲಿದೆ, ಒಪ್ಪಂದ ಬೀರುವಿನಲ್ಲಿದೆ.